ನಲವತ್ತೊಂದನೆಯ ಕಲ್ಲು

ವಾಡಿ ಜಂಕ್ಷನ್ನಿನಿಂದ ಹಳಿಗಳು ಚಿತ್ತಾಪುರದ ಕಡೆಗೆ ಹೊರಳುವಲ್ಲಿ ಅಮೃತಪ್ಪನವರ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರಖಾನೆ ಇತ್ತು. ಸ್ಟೇಶನ್ನಿನ ಸೋಡಾ ಅಂಗಡಿಗಳಿಗೆ, ಶಹಾಬಾದಿನ ದವಾಖಾನೆಗೆ, ಸೇಡಂ ಕಡೆಯ ಮದುವೆಗಳ ಶರಬತ್ತಿಗೆ ಬರ್ಫು ಅಲ್ಲಿಂದಲೇ ಹೋಗಬೇಕು. ಮಶೀನು ನಡೆಸುವವನು ಮುನಾಫ ಮಿಸ್ತ್ರಿ. ಐವತ್ತೈದರ ಮನುಷ್ಯ. ಕಿವಿ ಅರ್ಧ ಮಂದವಾಗಿತ್ತು. ಆದರೂ ಮಶೀನಿನ ಸದ್ದು ಕೂದಲೆಳೆಯಷ್ಟು ಬದಲಾದರೆ ಉಣ್ಣುವ ಕೈ ತೊಳೆಯದೆಯೇ ಎದ್ದು ಓಡುತ್ತಿದ್ದ.

ಬುತ್ತಿ ತರುವವಳು ಹೆಂಡತಿ ಜೈತುನ್ಬೀ. ಗಂಡನ ಮುಂದೆ ರೊಟ್ಟಿ, ಪುಂಡಿಪಲ್ಯ ಬಿಚ್ಚಿಟ್ಟು ಅವಳು ಬರ್ಫು ಇಡುವ ಖೋಲಿಯ ಬಡಗಣ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಆ ಗೋಡೆಯಲ್ಲಿ ಒಂದು ಅಗಲವಾದ ಕಲ್ಲು, ಕೂತವರ ಬೆನ್ನಿಗೆ ಸರಿಯಾಗಿ ಬರುವಂಥದ್ದು. ವೈಶಾಖದ ಉರಿಯಲ್ಲಿ ಊರಿನ ಕಲ್ಲೆಲ್ಲ ರೊಟ್ಟಿಯ ಹಂಚಿನಂತೆ ಕಾದಿರುವಾಗಲೂ ಆ ಕಲ್ಲು ತಣ್ಣಗಿರುತ್ತಿತ್ತು. ಮುನಾಫ ಉಂಡು ಎದ್ದವನು, ಮಶೀನಿನ ಮನೆಗೆ ಹೋಗುವ ಮೊದಲು, ಅವಳ ಹೆಗಲ ಪಕ್ಕಕ್ಕೆ ಕೈ ಚಾಚಿ ಕಲ್ಲನ್ನೊಮ್ಮೆ ಮುಟ್ಟಿ ನೋಡುತ್ತಿದ್ದ.

“ತಂಪದ,” ಅನ್ನುತ್ತಿದ್ದಳು ಜೈತುನ್ಬೀ.

“ಅದ,” ಅನ್ನುತ್ತಿದ್ದ ಅವನು.

ಆರು ವರ್ಷದಿಂದ ಇಬ್ಬರ ನಡುವೆ ಮಗನ ಮಾತು ಇಷ್ಟೇ ಆಗಿತ್ತು.

ಆ ಗೋಡೆ ಕಟ್ಟಿದವನು ಅವರ ಮಗ ಜಹಾಂಗೀರ. ಇಪ್ಪತ್ತೆರಡರ ಗೌಂಡಿ. ಹೈದರಾಬಾದಿನ ಇಂಜಿನಿಯರು ಕೊಟ್ಟ ನಕ್ಷೆಯಲ್ಲಿ ಎರಡು ಗೋಡೆಗಳಿದ್ದವು: ಒಳಗೊಂದು, ಹೊರಗೊಂದು, ನಡುವೆ ಒಂದು ಮೊಳದ ಸಂದು, ಸಂದಿನ ತುಂಬ ಭತ್ತದ ಹೊಟ್ಟು. ಒಳಗಿನ ತಂಪನ್ನು ಹೊಟ್ಟು ಕಾಯುತ್ತದೆ, ಗೋಡೆಗಳು ಮಾತ್ರ ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು ಎಂದು ಇಂಜಿನಿಯರು ಎರಡೆರಡು ಸಲ ಹೇಳಿ ಹೋಗಿದ್ದ. ಆದರೆ ಶಹಾಬಾದಿ ಕಲ್ಲಿನ ಕೆಲಸದವರ ರೀತಿಯೇ ಬೇರೆ. ಜೋಡಿ ಗೋಡೆ ಕಟ್ಟಿದರೆ ಮಾರಿಗೊಂದು ಉದ್ದಗಲ್ಲು ಹಾಕಿ, ಒಳಗಿನದನ್ನೂ ಹೊರಗಿನದನ್ನೂ ಹೆಣೆಯದೆ ಅವರು ಕೈ ತೊಳೆಯುವವರಲ್ಲ. ಅಪ್ಪ ಅಜ್ಜ ಹಾಗೆ ಕಟ್ಟಿದ್ದು ನೂರು ವರ್ಷ ನಿಂತಿದೆ.

“ಅಬ್ಬಾ, ಒಂದಕ್ಕೊಂದು ಕೈ ಹಿಡೀಲಾರದ ಗ್ವಾಡಿ ಎಷ್ಟು ದಿನ ನಿಂದ್ರತದ? ನಕ್ಷಾ ಬರದಾವ ಹೈದರಾಬಾದಿಗಿ ಹೋದ. ಗ್ವಾಡಿ ಬಿದ್ರ ಹೆಸರು ಹೋಗೋದು ನಂದು,” ಎಂದು ಜಹಾಂಗೀರ ಅಪ್ಪನ ಮುಂದೆ ನಕ್ಕಿದ್ದ. ಮುನಾಫನಿಗೂ ಅದು ಸರಿ ಅನಿಸಿತ್ತು. ಇಂಜಿನಿಯರು ಮರಳಿ ಬರುವುದರೊಳಗೆ ಗೋಡೆ ಎದ್ದಿತ್ತು, ಮೇಲೆ ಗಾರೆಯೂ ಆಗಿತ್ತು. ಬಡಗಣ ಬದಿಗೆ ಮಾತ್ರ ಅವನು ಒಂದು ಕಲ್ಲನ್ನು ಬೇಕೆಂದೇ ಅಗಲವಾದದ್ದು ಆರಿಸಿ, ತಗ್ಗಿನಲ್ಲಿ ಕೂರಿಸಿ, ಗಾರೆ ಬಳಿಯದೆ ಬಿಟ್ಟ. ಬುತ್ತಿ ಹೊತ್ತು ಬರುವ ಅಮ್ಮನಿಗೆ ಒರಗಲು ಒಂದು ಜಾಗ ಇರಲಿ ಎಂದು.

ಅದೇ ವರ್ಷ, ನಲವತ್ತೆಂಟರ ಭಾದ್ರಪದದಲ್ಲಿ, ಜಹಾಂಗೀರ ಹೊಸ ಕೆಲಸ ಹಿಡಿದು ತಾಂಡೂರಿಗೆ ಹೋದ. ಅವನು ಹೋದ ನಾಲ್ಕನೆಯ ದಿನ ಫೌಜು ಬಂತು, ರೈಲುಗಳು ನಿಂತವು, ರಾಜ್ಯ ಬದಲಾಯಿತು. ರೈಲು ಮತ್ತೆ ಓಡತೊಡಗಿದಾಗ ಅವನು ಅದರಿಂದ ಇಳಿಯಲಿಲ್ಲ. ಸೇಡಂ ಸ್ಟೇಶನ್ನಿನಲ್ಲಿ ಕಂಡೆ ಎಂದ ಒಬ್ಬ. ಚಿಂಚೋಳಿಯ ಅಡವಿಯ ಹಾದಿ ಹಿಡಿದನಂತೆ ಎಂದ ಇನ್ನೊಬ್ಬ. ಮುನಾಫ ಎರಡೂ ಕಡೆ ಮೂರು ಮೂರು ಸಲ ಹೋಗಿ ಬಂದ. ಮನೆಯಲ್ಲಿ ಸತ್ತವರ ಹೆಸರಿನ ಫಾತಿಹಾ ಓದಿಸಲಿಲ್ಲ. ಕಣ್ಣಿಂದ ಕಾಣದೆ ಹೇಗೆ ಓದಿಸುವುದು ಎಂದು ಅವನು ಕೇಳಿದ್ದ.

ಮರುವರ್ಷದ ಮಳೆಗಾಲದಲ್ಲಿ ಮುನಾಫ ಗೋಡೆ ಬೆವರುವುದನ್ನು ಕಂಡ. ಇಡೀ ಗೋಡೆ ಒಣಗಿತ್ತು. ಅಲ್ಲೊಂದು ಇಲ್ಲೊಂದು ತಟ್ಟೆಯಗಲ ಮಾತ್ರ ಗಾರೆ ಒದ್ದೆ. ಒದ್ದೆಯಾದಲ್ಲೆಲ್ಲ ಕೈ ಇಟ್ಟು ನೋಡಿದ. ತಣ್ಣಗಿತ್ತು. ಎಣಿಸಿದ. ನಲವತ್ತೊಂದು. ಇಂಜಿನಿಯರು ಹೇಳಿದ್ದೇ ಖರೆ; ಹೊಟ್ಟು ಕಾದ ತಂಪನ್ನು ಕಲ್ಲುಗಳು ಹೊರಗೆ ಸಾಗಿಸುತ್ತಿದ್ದವು. ಮಶೀನು ದಿನಕ್ಕೆ ಎಷ್ಟೋ ಹೊತ್ತು ಓಡುತ್ತಿದ್ದುದು ಬೀದಿಯನ್ನು ತಂಪಾಗಿಸಲು. ತನ್ನ ಮಗ ತಪ್ಪು ಮಾಡಿದ್ದಾನೆ ಎಂದು ಆ ದಿನ ಅವನಿಗೆ ತಿಳಿಯಿತು. ಹಿಂದಿರುಗಿ ನೋಡಿದರೆ ಜೈತುನ್ಬೀ ಆ ಕಲ್ಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ಅವನು ಯಾರಿಗೂ ಹೇಳಲಿಲ್ಲ. ಬರ್ಫಿಗೆ ಗಿರಾಕಿಯೇ ಇಲ್ಲದ ಚಳಿಗಾಲದಲ್ಲಿ ಸಹ, ನಿಲ್ಲಿಸಿದರೆ ಮಶೀನು ತುಕ್ಕು ಹಿಡಿಯುತ್ತದೆ ಎಂದು ಸುಳ್ಳು ಹೇಳಿ ಓಡಿಸುತ್ತ ಬಂದ.

ಹೀಗೆ ಐವತ್ನಾಲ್ಕರ ಬೇಸಿಗೆ ಬಂತು. ಏಪ್ರಿಲ್ ಕೊನೆಯಲ್ಲಿ ಅಮೃತಪ್ಪನವರು ಒಂದು ಕಾಗದ ಹಿಡಿದು ಮಶೀನಿನ ಮನೆಗೆ ಬಂದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

“ಮಿಸ್ತ್ರಿ, ಮಶೀನು ದಿನಕ್ಕ ಎಷ್ಟು ತಾಸು ಓಡ್ತದ?”

“ಹದಿನೆಂಟು ಓಡ್ತದ್ರಿ.”

“ಪವರ್ ಹೌಸಿನವರು ಬರದಾರ. ಕರೆಂಟು ಬೇಡಾವ್ರು ಭಾಳ ಆಗ್ಯಾರಂತ. ಜೂನ್ ಒಂದರಿಂದ ನಮಗ ಹದಿನಾಲ್ಕೇ ತಾಸು.”

ಮುನಾಫ ಎಣ್ಣೆಯ ಅರಿವೆಯಿಂದ ಕೈ ಒರೆಸಿಕೊಂಡ.

“ಹದಿನಾಲ್ಕರಾಗ ಖೋಲಿ ತಂಪು ಹಿಡೀತದೇನು?” ಅಮೃತಪ್ಪನವರು ಕೇಳಿದರು.

“ಈಗಿದ್ದಂಗ ಹಿಡಿಯಂಗಿಲ್ರಿ. ಇಟ್ಟ ಬರ್ಫೆಲ್ಲ ನೀರಾಗ್ತದ.”

“ಹಂಗಾದ್ರ ಕೀಲಿ ಹಾಕೋದು. ನಿನ್ನ ಕೈಲೆ ಏನರ ಆಗ್ತದೇನು ನೋಡು. ಒಂದು ತಿಂಗಳದ.”

ಮುನಾಫ ನೋಡಿದ. ಅವನಷ್ಟು ಮನಸ್ಸಿಟ್ಟು ಆ ತಿಂಗಳು ದುಡಿದವರು ಯಾರೂ ಇರಲಿಲ್ಲ. ಕಲ್ಲುಗಳನ್ನು ಬಿಟ್ಟು ಬೇರೆ ಎಲ್ಲಿಂದಾದರೂ ಆ ನಾಲ್ಕು ತಾಸು ಹೊರಡಿಸಬೇಕಾಗಿತ್ತು ಅವನಿಗೆ. ವಾಡಿಯ ನೀರಿನ ತುಂಬ ಸುಣ್ಣ. ಮಶೀನಿನ ಬಿಸಿ ಆರಿಸುವ ಕೊಳವೆಗಳ ಮೇಲೆ ಅದು ಬೆರಳುದಪ್ಪ ಕಟ್ಟಿತ್ತು. ನಾಲ್ಕು ದಿನ ಕೂತು ಕೆರೆದು ತೆಗೆದ. ಹದಿನೆಂಟು ಹದಿನೇಳಾಯಿತು. ಖೋಲಿಯ ಬಾಗಿಲಿನ ಸಂದಿಗೆಲ್ಲ ಕಂಬಳಿಯ ಪಟ್ಟಿ ಹೊಡೆದು, ಒಳಗೆ ಇನ್ನೊಂದು ಬಾಗಿಲು ನಿಲ್ಲಿಸಿ, ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯಬಾರದೆಂದು ಕಟ್ಟಪ್ಪಣೆ ಮಾಡಿದ. ಬರ್ಫು ಹೊರುವ ಕಲ್ಯಾಣಪ್ಪನಿಗೆ ಇದು ಪೀಕಲಾಟವಾಯಿತು.

“ಏ ಮುನಾಫಣ್ಣ, ನನ್ನ ಹೆಂಡ್ತಿ ಸೂಗಮ್ಮನೂ ನನ್ನ ಮ್ಯಾಲ ಇಷ್ಟು ಕಾವಲಿ ಇಟ್ಟಿಲ್ಲ ನೋಡು,” ಎಂದು ಅವನು ಎರಡು ಬಾಗಿಲುಗಳ ನಡುವಿನ ಕತ್ತಲಿನಿಂದ ಕೂಗಿದ.

“ಆಕಿ ಇಟ್ಟಿದ್ರ ನೀ ಸುಧಾರಸ್ತಿದ್ದಿ. ಹಿಂದಿಂದು ಮುಚ್ಚು ಮೊದಲ.”

ಹದಿನೇಳು ಹದಿನಾರಾಯಿತು. ಆ ಕೊಳವೆಗಳ ಮೇಲೆ ನೀರು ಹನಿಸುವ ಜಾಗಕ್ಕೆ ತಟ್ಟಿ ಕಟ್ಟಿ ನೆರಳು ಮಾಡಿದ; ಬಿಸಿಲೇರುವ ಮೊದಲು ಹೆಚ್ಚು ಹೊತ್ತು ಓಡುವಂತೆ ನಸುಕಿನ ಮೂರಕ್ಕೇ ಮಶೀನು ಶುರು ಮಾಡಿದ. ಹದಿನೈದೂವರೆ. ಅಲ್ಲಿಗೆ ನಿಂತಿತು. ಮೇ ಹದಿನೈದರ ಹೊತ್ತಿಗೆ, ಮಶೀನು ಓಡಿದ ತಾಸು ಬರೆಯುವ ಹಲಗೆಯ ಮೇಲೆ ಅದೇ ಅಂಕಿ ದಿನ ದಿನವೂ ಬೀಳತೊಡಗಿತು.

ಅಮೃತಪ್ಪನವರು ದಡ್ಡರಲ್ಲ. ಒಂದು ಸಂಜೆ ಖೋಲಿಯ ಸುತ್ತ ಎರಡು ಸುತ್ತು ಬಂದು ನಿಂತರು.

“ಮಶೀನು ಸರಿ ಅದ. ಬಾಗಿಲು ಸರಿ ಅದ. ಮತ್ತ ತಂಪು ಎಲ್ಲಿಂದ ಹೋಗ್ತದ? ಗ್ವಾಡಿಯೊಳಗಿಂದೇ ಹೋಗಬೇಕು. ಹೊಟ್ಟು ತುಂಬಿದಾವ ಯಾರು?”

ತುಂಬಿದವನು ಕಲ್ಯಾಣಪ್ಪ. ಆರು ವರ್ಷದ ಹಿಂದೆ ಚಿಂಚೋಳಿ ಕಡೆಯ ಗಿರಣಿಗಳಿಂದ ಬಂಡಿಗಟ್ಟಲೆ ಹೊಟ್ಟು ಬಂದಿತ್ತು. ಸಂದಿಗೆ ಸುರಿದು ಕೋಲಿನಿಂದ ಜಡಿದು ಜಡಿದು ತುಂಬಿದ್ದ ಅವನು.

“ಅರ್ಧ ತುಂಬಿ ಉಳಿದದ್ದು ಇಟ್ಟಿಗಿ ಭಟ್ಟಿಯವ್ರಿಗಿ ಹಾಕೀಯೇನು?” ಅಮೃತಪ್ಪನವರ ದನಿ ಏರಲಿಲ್ಲ, ಅದಕ್ಕೇ ಅದು ಹೆಚ್ಚು ನಾಟಿತು.

“ಧಣಿ, ಲಿಂಗದ ಆಣಿ ಮಾಡಿ ಹೇಳ್ತೀನಿ. ಹೆಬ್ಬೆಟ್ಟು ಹೋಗಂಗಿಲ್ಲ, ಅಷ್ಟು ಬಿಗಿ ಜಡದೀನಿ.”

“ಮತ್ತ ತಂಪು ರೆಕ್ಕಿ ಕಟ್ಟಿಕೊಂಡು ಹಾರಿ ಹೋಯ್ತೇನು? ನಾಳಿಂದ ಬರಬ್ಯಾಡ ನೀ.”

ಮುನಾಫ ಅಲ್ಲೇ ನಿಂತಿದ್ದ. ಮಗನ ಹೆಸರು ತುದಿ ನಾಲಿಗೆಗೆ ಬಂದು ಅಲ್ಲೇ ಒಣಗಿತು. ಅಮೃತಪ್ಪನವರು ಹೊರಟ ಮೇಲೆ ಕಲ್ಯಾಣಪ್ಪ ತಲೆಗೆ ಸುತ್ತಿದ ಅರಿವೆ ಬಿಚ್ಚಿ ಮುಖ ಒರೆಸಿಕೊಂಡ.

“ಗ್ವಾಡಿ ಕಟ್ಟಿದಾವ ನಿನ್ನ ಮಗ, ಹೊಟ್ಟು ತುಂಬಿದಾವ ನಾ. ಅವ ಮ್ಯಾಲಿಂದ ಬಗ್ಗಿ ನೋಡ್ತಿದ್ದ, ‘ಕಾಕಾ, ಇನ್ನ ನಾಕು ಏಟು ಜಡಿ’ ಅಂತಿದ್ದ. ಇವತ್ತ ಅವ ಇದ್ದಿದ್ರ ನನ್ನ ಪರವಾಗಿ ಒಂದು ಮಾತು ಹೇಳ್ತಿದ್ದ, ಮುನಾಫಣ್ಣ.”

ಅವನು ಚುಚ್ಚಲೆಂದು ಅಂದದ್ದಲ್ಲ. ಅಂದು ಹೊರಟುಹೋದ.

ಮರುದಿನ ಮಧ್ಯಾಹ್ನ ಮುನಾಫ ಅರ್ಧ ರೊಟ್ಟಿಗೇ ಎದ್ದ. ಕಲ್ಯಾಣಪ್ಪ ಇಲ್ಲದೆ ಬರ್ಫಿನ ಗಡ್ಡೆಗಳು ಬಾಗಿಲಲ್ಲೇ ಬಿದ್ದಿದ್ದವು. ಕಲ್ಲು ಮುಟ್ಟಲು ಕೈ ಚಾಚಿದವನು ಚಾಚಿದ ಕೈಯನ್ನು ಹಾಗೇ ಹಿಂದೆ ತೆಗೆದುಕೊಂಡ. ಜೈತುನ್ಬೀ ತಲೆಯೆತ್ತಿ ನೋಡಿದಳು. ಅವನು ನೇರ ಅಮೃತಪ್ಪನವರ ಪಡಸಾಲೆಗೆ ನಡೆದ.

“ಕುಂದ್ರು ಮಿಸ್ತ್ರಿ.”

“ಕುಂದ್ರಂಗಿಲ್ರಿ. ಕಲ್ಯಾಣಪ್ಪಂದು ತಪ್ಪಿಲ್ಲ. ಹೊಟ್ಟು ಸರಿ ಅದ. ಗ್ವಾಡಿಯೊಳಗ ಉದ್ದಗಲ್ಲು ಅವರಿ. ಒಳಗಿಂದ ಹೊರಗ ತನಕ ಒಂದೇ ಕಲ್ಲು. ನಲವತ್ತೊಂದು. ತಂಪು ಅವುಗಳ ಗುಂಟ ಹೊರಗ ಹೋಗ್ತದ.”

“ಇಂಜಿನಿಯರು ಬ್ಯಾಡಂದಿದ್ದನಲ್ಲ?”

“ಬ್ಯಾಡಂದಿದ್ದ. ನನ್ನ ಮಗ ಹಾಕಿದ. ನಾನೂ ಹ್ಞೂಂ ಅಂದಿದ್ದೆ,” ಎಂದ ಮುನಾಫ.

ಅಮೃತಪ್ಪನವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು.

“ನಿನಗ ಯಾವಾಗ ತಿಳೀತು?”

“ಐದು ವರ್ಷಾಯ್ತರಿ.”

“ಐದು ವರ್ಷ,” ಎಂದು ಅವರು ಮೆಲ್ಲನೆ ಅಂದರು. ಅವರಿಗೂ ಬಡಗಣ ಗೋಡೆ ಗೊತ್ತಿತ್ತು. ದಿನಾ ಅಲ್ಲಿ ಕೂರುವವಳೂ ಗೊತ್ತಿದ್ದಳು. ಕೇಳಬೇಕೆಂದಿದ್ದ ಮುಂದಿನ ಪ್ರಶ್ನೆಯನ್ನು ಅವರು ಕೇಳಲಿಲ್ಲ. “ಕಲ್ಯಾಣಪ್ಪನ ಮನಿಗಿ ನಾನೇ ಹೋಗ್ತೀನಿ. ನೀ ಶಹಾಬಾದಿಂದ ಇಬ್ರು ಗೌಂಡಿಗಳನ್ನ ಕರಸು. ಕಲ್ಲು ಕಡದ್ರ ಗ್ವಾಡಿ ನಿಂದ್ರತದೇನು?”

“ಸಾಗವಾನಿ ತುಂಡು ಹಾಕಬೇಕ್ರಿ. ಕಟ್ಟಗಿ ತಂಪು ಹಾಯಿಸಂಗಿಲ್ಲ. ಅವನು ಅಂದದ್ದೂ ಸುಳ್ಳಲ್ಲ. ಗ್ವಾಡಿಗಿ ಹಿಡಿಕಿ ಬೇಕೇ ಬೇಕು.”

ಮಗನ ಪರವಾಗಿ ಮುನಾಫ ಆಡಿದ್ದು ಅಷ್ಟೇ.

ಮೊದಲನೆಯ ಕಲ್ಲನ್ನು ಮೇ ಹದಿನೆಂಟಕ್ಕೆ ಕಡಿದರು. ಹೊರಗಿನ ಗೋಡೆಯ ನಾಲ್ಕು ಕಲ್ಲು ಬಿಡಿಸಿ, ಸಂದಿನಲ್ಲಿ ಹಾದಿದ್ದ ಭಾಗವನ್ನು ಉಳಿಯಿಂದ ಒಡೆದು ತೆಗೆದು, ಆ ಜಾಗಕ್ಕೆ ಸಾಗವಾನಿ ತುಂಡು ಬಿಗಿದು, ಸುತ್ತ ಹೊಟ್ಟು ಜಡಿಯಬೇಕು. ಜಡಿಯಲು ಕಲ್ಯಾಣಪ್ಪನೇ ಬಂದ. ಬಂದವನು ಮೊದಲು ತೆರೆದ ಸಂದಿಯ ಹಳೆಯ ಹೊಟ್ಟಿಗೆ ಹೆಬ್ಬೆರಳು ಒತ್ತಿ ಎಲ್ಲರಿಗೂ ತೋರಿಸಿದ.

“ನೋಡ್ರಿ ಧಣಿ, ಹೋಗ್ತದೇನು?”

“ಇಲ್ಲಪ್ಪ, ಹೋಗಂಗಿಲ್ಲ. ನಂದು ತಪ್ಪಾಯ್ತು.”

“ಹಂಗಲ್ರಿ, ನೀವೂ ಒಮ್ಮಿ ಒತ್ತಿ ನೋಡ್ರಿ.”

ಅಮೃತಪ್ಪನವರು ಒತ್ತಿ ನೋಡಿದರು. ಕಲ್ಯಾಣಪ್ಪ ಆಮೇಲೆಯೇ ಕೋಲು ಕೈಗೆ ತೆಗೆದುಕೊಂಡದ್ದು. ಮುನಾಫನ ಕಡೆ ಅವನು ಆ ದಿನವೂ ಮರುದಿನವೂ ನೋಡಲಿಲ್ಲ. ಮೂರನೆಯ ದಿನ ಅವನಾಗಿಯೇ ಎಲೆ ಅಡಿಕೆ ಮುಂದೆ ಹಿಡಿದ. ಮುನಾಫ ತೆಗೆದುಕೊಂಡ.

ಶಹಾಬಾದಿನ ಗೌಂಡಿಗಳಲ್ಲಿ ಹಿರಿಯವನು ಪ್ರತಿ ಕಲ್ಲನ್ನೂ ಕಡಿಯುವ ಮೊದಲು ಅದರ ಮೈ ಸವರಿ ನೋಡುತ್ತಿದ್ದ. ಒಮ್ಮೆ, ಕಟ್ಟಿದವನ ತಂದೆ ಪಕ್ಕದಲ್ಲೇ ನಿಂತಿದ್ದಾನೆಂದು ತಿಳಿಯದೆ, “ಭಾಳ ಚಂದ ಕೂಡಿಸ್ಯಾನ. ಕಡೀಲಿಕ್ಕ ಮನಸಾಗಂಗಿಲ್ಲ,” ಎಂದ. ಮುನಾಫ ಮಶೀನಿನ ಮನೆಗೆ ಹೋಗಿ ಬೇಡದ ಒಂದು ನಟ್ಟನ್ನು ಬಿಗಿ ಮಾಡುತ್ತ ನಿಂತ.

ಹದಿನೈದೂವರೆ ಇಳಿಯುತ್ತ ಬಂತು. ಹದಿನೈದು. ಹದಿನಾಲ್ಕೂ ಮುಕ್ಕಾಲು. ನಲವತ್ತು ಕಲ್ಲುಗಳು ಮುಗಿದ ದಿನ ಹಲಗೆಯ ಮೇಲೆ ಹದಿನಾಲ್ಕು ತಾಸು ಹತ್ತು ಮಿನಿಟು. ಉಳಿದದ್ದು ಒಂದೇ ಕಲ್ಲು, ಬೇರೆಯವುಗಳ ಮೂರರಷ್ಟು ಅಗಲದ್ದು. ಗೌಂಡಿಗಳು ಯಾರೂ ಹೇಳದೆಯೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಮಧ್ಯಾಹ್ನ ಅಲ್ಲೊಬ್ಬ ಹೆಣ್ಣುಮಗಳು ಕೂರುತ್ತಾಳೆ, ಏಳು ಅನ್ನುವುದು ಹೇಗೆ ಎಂದು.

“ಅದೊಂದು ಇರ್ಲಿ ಬಿಡು ಮಿಸ್ತ್ರಿ,” ಎಂದರು ಅಮೃತಪ್ಪನವರು. “ಹತ್ತು ಮಿನಿಟಿಂದು ಏನದ? ದಿನಕ್ಕ ನಾಕು ಗಡ್ಡಿ ಬರ್ಫು ಕಮ್ಮಿ ಮಾಡಿದ್ರಾಯ್ತು. ಅದು ನಂದಿರ್ಲಿ.”

ಮುನಾಫ ಕೈ ಜೋಡಿಸಿದ.

ಮಧ್ಯಾಹ್ನ ಜೈತುನ್ಬೀ ಬುತ್ತಿ ಬಿಚ್ಚಿದಳು. ಗೋಡೆಯ ತುಂಬ ಹೊಸ ಗಾರೆಯ ತೇಪೆಗಳು. ಅವಳು ಅವನ್ನು ನೋಡದವಳಂತೆ ತನ್ನ ಜಾಗದಲ್ಲಿ ಕೂತಳು.

“ಸಾವಕಾರ್ರು ಒಂದು ಉಳಸ್ರಿ ಅಂದಾರ,” ಎಂದ ಮುನಾಫ.

“ಯಾವುದು?”

“ನಿಂದು.”

ಅವಳು ರೊಟ್ಟಿ ಮುರಿದು ಅವನ ತಟ್ಟೆಗೆ ಹಾಕಿದಳು. ಪಲ್ಯ ಬಡಿಸಿದಳು. ಡಬ್ಬಿಯ ಮುಚ್ಚಳ ಹಾಕಿದಳು.

“ಅದನ್ನೂ ಕಡೀರಿ,” ಎಂದಳು.

“ಹತ್ತು ಮಿನಿಟಿಂದು ಅದ. ಅವರೇ ಇರ್ಲಿ ಅಂದಾರ.”

“ಬೆನ್ನು ಹಿಡೀತದ್ರಿ ನನಗ. ಮೂರು ವರ್ಷಾಯ್ತು. ಹೊರಳಿ ಮಲಗಲಿಕ್ಕ ಬರಂಗಿಲ್ಲ. ಆ ತಂಪು ಎಲುಬಿನಾಗ ಹೊಕ್ಕು ಕೂತದ.”

ಮುನಾಫನ ಕೈಯಲ್ಲಿ ತುತ್ತು ಹಾಗೇ ನಿಂತಿತು. “ಮತ್ಯಾಕ ಕುಂದ್ರತಿದ್ದಿ?”

“ನೀವು ದಿನಾ ಬಂದು ಕೈ ಇಟ್ಟು ನೋಡ್ತಿದ್ರಿ. ನಾ ಎದ್ದು ಹೋಗಿದ್ರ ನಿಮಗ ಏನ್ ಅನಸ್ತಿತ್ತು?”

ದೂರದಲ್ಲಿ ಕಲ್ಯಾಣಪ್ಪ ಯಾರನ್ನೋ ಬೈಯುತ್ತಿದ್ದ. ಬಾಗಿಲು ಮುಚ್ಚದೆ ಹೋಗಿದ್ದರಂತೆ.

“ನಾ ಮೂರನೇ ವರ್ಷಕ್ಕೇ ಅವನ ಆಶಾ ಬಿಟ್ಟೀನಿ,” ಎಂದಳು ಜೈತುನ್ಬೀ. ಅವಳ ದನಿಯಲ್ಲಿ ಅಳು ಇರಲಿಲ್ಲ. ಹಿಟ್ಟು ಮುಗಿದದ್ದನ್ನು ಹೇಳುವಂತೆ ಹೇಳಿದಳು. “ಮೊದಮೊದಲ ದಿನಾ ಅವಂದು ಎರಡು ರೊಟ್ಟಿ ಹೆಚ್ಚಿಗಿ ತಟ್ಟತಿದ್ದೆ. ಬಂದಾನು ಅಂತ. ಒಂದು ದಿನ ಒಲಿ ಆರಿಸಿದ ಮ್ಯಾಲ ನೋಡ್ತೀನಿ, ತಟ್ಟೇ ಇಲ್ಲ. ಮರತಿದ್ದೆ. ತಾಯಿ ಕೈ ಮರತದಂದ್ರ ಅವ ಇಲ್ಲ. ಅವತ್ತೇ ನನಗ ತಿಳೀತು. ನಿಮಗ ಹ್ಯಾಂಗ ಹೇಳ್ಲಿ? ನೀವು ಬಿಟ್ಟಿಲ್ಲಂತ ನಾ ಕೂತೆ.”

ಮುನಾಫ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ನೀ ಬಿಟ್ಟಿಲ್ಲಂತ ನಾ ಮಶೀನು ಓಡಿಸಿದೆ ಎಂದು ಹೇಳಬೇಕಾಗಿತ್ತು. ಅವಳಿಗೆ ಅದು ಆಗಲೇ ಗೊತ್ತಿರುವಂತೆ ಕಂಡಿತು.

ಜೈತುನ್ಬೀ ನೆಲಕ್ಕೆ ಕೈಯೂರಿ, ಎರಡು ಸಲ ಪ್ರಯತ್ನಿಸಿ, ಮೇಲೆದ್ದಳು. ಆರು ವರ್ಷದಲ್ಲಿ ಅವಳು ಏಳುವುದನ್ನು ಅವನು ನೋಡಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಅವನು ಮಶೀನಿನ ಹತ್ತಿರ ಇರುತ್ತಿದ್ದ.

ಆ ಕಲ್ಲಿಗೆ ಗೌಂಡಿಗಳು ಕೈ ಹಚ್ಚಲಿಲ್ಲ. ಮುನಾಫನೇ ಉಳಿ ಹಿಡಿದ. ಅವನು ಕಬ್ಬಿಣದ ಕೆಲಸದ ಮನುಷ್ಯ. ಕಲ್ಲಿನ ಮೇಲೆ ಉಳಿ ನೇರ ಕೂರಲಿಲ್ಲ, ಎರಡು ಸಲ ಕೈಗೆ ಪೆಟ್ಟಾಯಿತು. ಹಿರಿಯ ಗೌಂಡಿ ಹತ್ತಿರ ಬಂದು ಅವನ ಮುಂಗೈ ಹಿಡಿದು ಸ್ವಲ್ಪ ಓರೆ ಮಾಡಿ ಬಿಟ್ಟ. ಆಮೇಲೆ ಸರಿಯಾಗಿ ಬಿತ್ತು. ಸಂದಿನೊಳಗಿನ ಭಾಗ ಒಡೆದು ಬಂದಾಗ ಅದರ ಮೇಲೆ ತೆಳುವಾಗಿ ಹಿಮ ಕಟ್ಟಿತ್ತು. ಬಿಸಿಲಿಗೆ ಬಂದದ್ದೇ ಅದು ನೀರಾಗಿ, ನೀರು ಆರಿ, ತುಂಡುಗಳು ಊರಿನ ಉಳಿದ ಕಲ್ಲುಗಳಂತೆ ಬೂದು ಬಣ್ಣಕ್ಕೆ ತಿರುಗಿದವು. ಕಲ್ಯಾಣಪ್ಪ ಸಾಗವಾನಿ ತುಂಡಿನ ಸುತ್ತ ಹೊಟ್ಟು ಜಡಿದ. ಲೆಕ್ಕಕ್ಕಿಂತ ನಾಲ್ಕು ಏಟು ಹೆಚ್ಚಿಗೆ ಜಡಿದ.

ಮರುದಿನ ಸಂಜೆ ಐದಕ್ಕೆ ಇನ್ನೂ ನಾಲ್ಕು ಮಿನಿಟು ಇರುವಾಗ ಖೋಲಿಯ ತಂಪು ತೋರಿಸುವ ಕಾಟಾದ ಮುಳ್ಳು ಗುರುತಿಗೆ ಬಂತು. ಮುನಾಫ ಮಶೀನು ನಿಲ್ಲಿಸಿ ಹಲಗೆಯ ಮೇಲೆ ಬರೆದ: ಹದಿನಾಲ್ಕು ತಾಸಿಗೆ ನಾಲ್ಕು ಮಿನಿಟು ಕಡಿಮೆ. ಸದ್ದು ಅಡಗಿದ ಮೇಲೆ ಅವನ ಮಂದ ಕಿವಿಗೂ ಸೇಡಂ ಕಡೆಯಿಂದ ಬರುವ ಸಂಜೆಯ ಗಾಡಿ ಕೇಳಿಸಿತು. ಆರು ವರ್ಷ, ಕೇಳಿಸದಿದ್ದರೂ ಹೊತ್ತು ನೋಡಿ, ಅವನು ಆ ಗಾಡಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಇಂದು ಗಾಡಿ ಬಂತು, ನಿಂತಿತು, ಹೋಯಿತು. ಅವನು ಸ್ಟೂಲಿನ ಮೇಲೆ ಕೂತೇ ಇದ್ದ.

ಹೊರಡುವಾಗ ಬಡಗಣ ಗೋಡೆಯ ಹತ್ತಿರ ರೂಢಿಯಂತೆ ಕೈ ಚಾಚಿದ. ಕಲ್ಲಿನ ಮೈ ಬೆಚ್ಚಗಿತ್ತು.

ಶುಕ್ರವಾರ ಮನೆಯಲ್ಲಿ ಫಾತಿಹಾ ಓದಿಸಿದರು. ಶರಬತ್ತಿಗೆಂದು ಅಮೃತಪ್ಪನವರು ಒಂದು ಇಡೀ ಗಡ್ಡೆ ಬರ್ಫು ಕಳಿಸಿದ್ದರು. ಕಲ್ಯಾಣಪ್ಪ ಅದನ್ನು ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ, ತಲೆಯ ಮೇಲೆ ಹೊತ್ತು ತಂದಿದ್ದ. ಜೈತುನ್ಬೀ ಅಂಗಳದಲ್ಲಿ ಕೂತು ಹೊಟ್ಟು ತೊಳೆದು ಬರ್ಫು ಒಡೆದಳು. ಬಂದವರಿಗೆಲ್ಲ ಕೊಟ್ಟಳು. ಕೊನೆಗೆ ಒಂದು ಲೋಟ ಮುನಾಫನ ಮುಂದೆ ಇಟ್ಟಳು.

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ತಂಪದ,” ಎಂದ.

ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತು ಇಬ್ಬರಿಗೆ ಆಗುವಷ್ಟು ಹಿಟ್ಟು ಕಲಸತೊಡಗಿದಳು.